ತುಟಿಗೂ ಮಾತಿಗೂ ತಾಳೆ

ನಮ್ಮ ಮನೆಯಲ್ಲಿ ತಯಾರಾದ ಮೊದಲ ಸಿನಿಮಾದ ಉದ್ದ ಒಂದು ನಿಮಿಷ ನಲವತ್ತು ಸೆಕೆಂಡು. ನಿರ್ದೇಶನ, ಚಿತ್ರ, ಕಂಠದಾನ ಎಲ್ಲವೂ ಎಂಟನೇ ತರಗತಿ ಮುಗಿಸಿ ಬೇಸಿಗೆ ರಜೆಯಲ್ಲಿದ್ದ ನನ್ನ ಮೊಮ್ಮಗಳದ್ದೇ. ಕಥೆ ಬಹಳ ಸರಳ. ತಾರಸಿಯ ಮೇಲೆ ಅಜ್ಜಿಯೊಬ್ಬಳು ಹಳೆಯ ಸೀರೆ ಹಾಸಿ ಹಪ್ಪಳ ಒಣಗಿಸಿದ್ದಾಳೆ. ಕಾಗೆಯೊಂದು ಬಂದು ಕೂರುತ್ತದೆ. ಅಜ್ಜಿ ಕೋಲು ತೋರಿಸಿ, "ಕಾಗೆಪ್ಪಾ, ಹಪ್ಪಳ ಮುಟ್ಟಬೇಡಪ್ಪಾ!" ಎನ್ನುತ್ತಾಳೆ. ಕಾಗೆ ಮಾತು ಕೇಳುತ್ತದೆಯೇ? ಮುಂದಿನದು ನಿಮಗೇ ಗೊತ್ತು.

ಇದನ್ನು ಅವಳು ಮಾಡಿದ್ದು 'ಬ್ಲೆಂಡರ್' ಎಂಬ ತಂತ್ರಾಂಶದಲ್ಲಿ. ನೆದರ್ಲೆಂಡ್ಸ್ ದೇಶದ ಟಾನ್ ರೋಸೆಂಡಾಲ್ ಎಂಬವರು ರೂಪಿಸಿದ ಈ ತಂತ್ರಾಂಶ, ಅವರ ಕಂಪನಿ ನಿಂತುಹೋದಾಗ ಮೂಲೆ ಸೇರಬೇಕಿತ್ತು. 2002ರಲ್ಲಿ ಬಳಕೆದಾರರೇ ಏಳು ವಾರಗಳಲ್ಲಿ ಒಂದು ಲಕ್ಷ ಯೂರೊ ಕೂಡಿಸಿ, ಅಡವಿಟ್ಟ ಒಡವೆಯಂತೆ ಅದನ್ನು ಬಿಡಿಸಿಕೊಂಡರು. ಅಂದಿನಿಂದ ಅದು ಎಲ್ಲರಿಗೂ ಉಚಿತ. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾ ದೇಶದ 'ಫ್ಲೋ' ಎಂಬ ಬೆಕ್ಕಿನ ಕಥೆಯೂ ಇದರಲ್ಲೇ ತಯಾರಾದದ್ದು. ಆ ಇಡೀ ಚಿತ್ರದಲ್ಲಿ ಒಂದೂ ಮಾತಿಲ್ಲ. ಅದು ಎಂಥ ಜಾಣತನ ಎನ್ನುವುದು ನಮಗೆ ಆಮೇಲೆ ತಿಳಿಯಿತು.

ಒಂದು ಭಾನುವಾರ ಸಂಜೆ ಎಲ್ಲರೂ ಟಿವಿಯ ಮುಂದೆ ಕೂತು ಸಿನಿಮಾ ನೋಡಿದೆವು. ಚಪ್ಪಾಳೆ ತಟ್ಟಿದೆವು. ನನ್ನಾಕೆ, "ಚೆನ್ನಾಗಿದೆ ಕಣೇ" ಎಂದು ಮೊಮ್ಮಗಳ ತಲೆ ಸವರಿ ಅಡುಗೆಮನೆಗೆ ಹೋದಳು. ರಾತ್ರಿ ನನ್ನ ಹತ್ತಿರ ಮಾತ್ರ ಮೆಲ್ಲಗೆ ಹೇಳಿದಳು: "ಆ ಅಜ್ಜಿ ಏನು ಅಂದಳೋ ನನಗೆ ತಿಳೀಲಿಲ್ಲ. ಬಾಯಿ ನೋಡಿದರೆ ಬೇರೆ ಏನೋ ಹೇಳಿದ ಹಾಗಿತ್ತು. ಮಗೂಗೆ ಹೇಳಬೇಡಿ, ಬೇಜಾರು ಮಾಡಿಕೊಳ್ತಾಳೆ."

ನನ್ನಾಕೆಗೆ ಐದಾರು ವರ್ಷಗಳಿಂದ ಕಿವಿ ಮಂದ. ನಾನು ಹೇಳಲಿಲ್ಲ. ಆದರೆ ಮಕ್ಕಳಿಂದ ಏನನ್ನಾದರೂ ಮುಚ್ಚಿಡಲು ಆಗುತ್ತದೆಯೇ? ಎರಡು ದಿನ ಬಿಟ್ಟು ಮೊಮ್ಮಗಳೇ ಕೇಳಿದಳು: "ತಾತ, ಅಜ್ಜಿಗೆ ಅರ್ಥ ಆಗಲಿಲ್ಲ ಅಲ್ವಾ? ಕಾಗೆ ಹಪ್ಪಳ ಕಚ್ಚಿಕೊಂಡು ಹಾರಿದಾಗ ಎಲ್ಲರೂ ನಕ್ಕರು. ಅಜ್ಜಿ ನಿಮ್ಮ ಮುಖ ನೋಡಿ ಆಮೇಲೆ ನಕ್ಕರು."

ಆ ಸಿನಿಮಾ ಮಾಡಿದ್ದೇ ಅಜ್ಜಿಗಾಗಿ. ಹಾಗಾಗಿ ರಜೆಯ ಉಳಿದ ದಿನಗಳನ್ನು ನಾವಿಬ್ಬರೂ ಒಂದೇ ಕೆಲಸಕ್ಕೆ ಮೀಸಲಿಟ್ಟೆವು: ಮಾತಿಗೆ ತುಟಿ ತಾಳೆಯಾಗಬೇಕು, ಮುಖ ನಂಬುವಂತಿರಬೇಕು. ಆಗ ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಕಣ್ಣೂ ಕೇಳುತ್ತದೆ

ಮಾತನ್ನು ಕೇಳುವುದು ಕಿವಿ ಎಂದು ನಾವು ತಿಳಿದಿದ್ದೇವೆ. ಅರ್ಧ ಮಾತ್ರ ನಿಜ. 1976ರಲ್ಲಿ ಹ್ಯಾರಿ ಮೆಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ಎಂಬ ಸಂಶೋಧಕರು ಇಂಗ್ಲೆಂಡಿನಲ್ಲಿ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪರದೆಯ ಮೇಲೆ ಒಬ್ಬರ ಬಾಯಿ 'ಗ, ಗ' ಎನ್ನುತ್ತಿರುತ್ತದೆ. ಅದಕ್ಕೆ ಜೋಡಿಸಿದ ಧ್ವನಿ ಮಾತ್ರ 'ಬ, ಬ'. ನೋಡುತ್ತಾ ಕೇಳಿದ ಬಹುತೇಕರಿಗೆ ಕೇಳಿಸಿದ್ದು ಎರಡೂ ಅಲ್ಲ, 'ಡ'ದಂಥ ಮೂರನೆಯ ಸದ್ದು! ಕಣ್ಣು ಮುಚ್ಚಿದರೆ ಸರಿಯಾಗಿ 'ಬ' ಎಂದೇ ಕೇಳುತ್ತದೆ. ಕಣ್ಣು ಒಂದು ಹೇಳಿ ಕಿವಿ ಇನ್ನೊಂದು ಹೇಳಿದಾಗ ಮಿದುಳು ಇಬ್ಬರ ನಡುವೆ ರಾಜಿ ಮಾಡಿಸುತ್ತದೆ. ಇದಕ್ಕೆ 'ಮೆಗರ್ಕ್ ಪರಿಣಾಮ' ಎಂದೇ ಹೆಸರು.

ಕಿವಿ ಚುರುಕಾಗಿರುವವರಿಗೇ ಹೀಗಾದರೆ, ಕಿವಿ ಮಂದವಾದವರಿಗೆ ಕಣ್ಣೇ ದೊಡ್ಡ ಆಸರೆ. ಕೊರೊನಾ ಕಾಲದಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಾಗ ನನ್ನಾಕೆ, "ಜನ ಯಾಕೆ ಇಷ್ಟು ಮೆಲ್ಲಗೆ ಮಾತಾಡ್ತಾರೆ?" ಎಂದು ದೂರುತ್ತಿದ್ದಳು. ಮಾಸ್ಕಿನ ಬಟ್ಟೆ ಸದ್ದನ್ನು ಸ್ವಲ್ಪ ತಡೆಯುತ್ತದೆ, ನಿಜ. ಅದಕ್ಕಿಂತ ಹೆಚ್ಚಾಗಿ ತುಟಿ ಕಾಣುತ್ತಿರಲಿಲ್ಲ. ಅಲ್ಲಿಯವರೆಗೆ ತಾನು ಎದುರಿನವರ ಬಾಯಿ ನೋಡಿ ಮಾತು ತುಂಬಿಕೊಳ್ಳುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ನಿಮ್ಮ ಮನೆಯ ಅಜ್ಜ ಅಜ್ಜಿಯರೂ ಹೀಗೇ ಇರಬಹುದು. ಮಕ್ಕಳೇ, ಅವರ ಜೊತೆ ಮಾತಾಡುವಾಗ ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಎದುರಿಗೆ ನಿಂತು ಮಾತಾಡಿ. ಕೂಗಬೇಕಾಗಿಲ್ಲ.

ಅಂದಮೇಲೆ ಸಿನಿಮಾದ ತುಟಿ ತಪ್ಪಿದರೆ, ಅಂಥವರಿಗೆ ಕಥೆಯೇ ಕೈತಪ್ಪಿ ಹೋಗುತ್ತದೆ.

ನಮ್ಮ ಮೊದಲ ತಪ್ಪು

ಮೊಮ್ಮಗಳು ಮೊದಲ ಸಲ ಅನುಸರಿಸಿದ್ದು ಎಲ್ಲ ಹೊಸಬರೂ ಹಿಡಿಯುವ ಸುಲಭದ ದಾರಿ. ಧ್ವನಿ ಜೋರಾದಷ್ಟೂ ಬಾಯಿ ತೆರೆಯುವಂತೆ, ಧ್ವನಿ ಇಳಿದರೆ ಮುಚ್ಚುವಂತೆ ಕಂಪ್ಯೂಟರಿಗೆ ಹೇಳುವುದು. ದೂರದಿಂದ ನೋಡಿದರೆ ಮಾತಾಡಿದಂತೆಯೇ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಮೀನು ನೀರಿನಲ್ಲಿ ಬಾಯಿ ಬಿಟ್ಟಂತೆ.

ಯಾಕೆ ತಪ್ಪು? 'ಮ' ಎಂದು ಎಳೆದು ಹೇಳಿ ನೋಡಿ: "ಮ್‌ಮ್‌ಮ್". ಧ್ವನಿ ಜೋರಾಗಿಯೇ ಇದೆ, ತುಟಿ ಮಾತ್ರ ಪೂರ್ತಿ ಮುಚ್ಚಿದೆ. ಕಂಪ್ಯೂಟರ್ ಧ್ವನಿ ನೋಡಿ ಬಾಯಿ ತೆರೆಸಿಬಿಡುತ್ತದೆ. ಈಗ "ಅಟ್ಟ" ಎನ್ನಿ. 'ಟ್ಟ' ಬರುವಾಗ ಒಂದು ಕ್ಷಣ ಸದ್ದೇ ಇಲ್ಲ, ಆದರೆ ಬಾಯಿ ತೆರೆದೇ ಇದೆ, ನಾಲಗೆ ಮಾತ್ರ ಒಳಗೆ ಮೇಲಕ್ಕೆ ಅಂಟಿದೆ. ಕಂಪ್ಯೂಟರ್ ಸದ್ದಿಲ್ಲವೆಂದು ಬಾಯಿ ಮುಚ್ಚಿಸುತ್ತದೆ. ಮುಚ್ಚಬೇಕಾದಲ್ಲಿ ತೆರೆದು, ತೆರೆಯಬೇಕಾದಲ್ಲಿ ಮುಚ್ಚಿದರೆ ನನ್ನಾಕೆಗೆ ಬೇರೇನೋ ಹೇಳಿದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಸಲ 'ರುಬಾರ್ಬ್ ಲಿಪ್ ಸಿಂಕ್' ಎಂಬ ಉಚಿತ ತಂತ್ರಾಂಶ ತಂದಳು. ಧ್ವನಿಯನ್ನು ಕೇಳಿಸಿದರೆ ಯಾವ ಕ್ಷಣಕ್ಕೆ ಯಾವ ಬಾಯಿ ಎಂದು ಅದೇ ಪಟ್ಟಿ ಮಾಡಿಕೊಡುತ್ತದೆ. ಆದರೆ ಸುಮ್ಮನೆ ಬಿಟ್ಟರೆ ಅದು ಎಲ್ಲ ಮಾತನ್ನೂ ಇಂಗ್ಲಿಷ್ ಎಂದೇ ತಿಳಿಯುತ್ತದೆ! ನಮ್ಮ ಕಾಗೆಪ್ಪನಲ್ಲಿ ಅದಕ್ಕೆ ಯಾವ ಇಂಗ್ಲಿಷ್ ಪದ ಕೇಳಿಸಿತೋ ಏನೋ. ಬೇರೆ ಭಾಷೆಗಳಿಗಾಗಿ ಅದರಲ್ಲೇ ಇನ್ನೊಂದು ವಿಧಾನವಿದೆ. ಪದವನ್ನು ಹುಡುಕದೆ ಸದ್ದನ್ನಷ್ಟೇ ಗುರುತಿಸುವ ವಿಧಾನ. ಅದಕ್ಕೆ ಬದಲಾಯಿಸಿದ ಮೇಲೆ ಫಲಿತಾಂಶ ಸುಧಾರಿಸಿತು. ಆದರೂ ಅರೆಬೆಂದ ಅನ್ನ. ಕೊನೆಗೆ ಕೈಯಿಂದಲೇ ತಿದ್ದುವುದು ಎಂದಾಯಿತು.

ವರ್ಣಮಾಲೆಯೇ ನಕ್ಷೆ

ಕಾರ್ಟೂನ್ ಮಾಡುವವರ ಬಳಿ ಬಾಯಿಯ ಆಕಾರಗಳ ಪಟ್ಟಿಯೊಂದಿರುತ್ತದೆ. ಡಿಸ್ನಿ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಪ್ರೆಸ್ಟನ್ ಬ್ಲೇರ್ ಬರೆದ ಪಟ್ಟಿಯನ್ನು ಇಂದಿಗೂ ಕಲಿಯುವವರು ಗೋಡೆಗೆ ಅಂಟಿಸಿಕೊಳ್ಳುತ್ತಾರೆ. 'ಫ್ಲಿಂಟ್‌ಸ್ಟೋನ್ಸ್', 'ಸ್ಕೂಬಿ ಡೂ' ತಯಾರಿಸಿದ ಹ್ಯಾನಾ ಬಾರ್ಬೆರಾ ಸಂಸ್ಥೆ ಆರೇ ಆರು ಬಾಯಿಗಳಲ್ಲಿ ವರ್ಷಗಟ್ಟಲೆ ಮಾತಾಡಿಸಿತು. ಆದರೆ ಆ ಪಟ್ಟಿಗಳೆಲ್ಲ ಎ ಬಿ ಸಿ ಡಿಯವು. ಎ ಆದಮೇಲೆ ಬಿ ಯಾಕೆ ಬರುತ್ತದೆ ಎಂದು ಕೇಳಿದರೆ ಬಾಯಿಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮದು ಹಾಗಲ್ಲ. ನಾವು ಒಂದನೇ ತರಗತಿಯಲ್ಲಿ ಗಟ್ಟಿ ಮಾಡಿದ ವರ್ಗೀಯ ವ್ಯಂಜನಗಳನ್ನು ಮತ್ತೊಮ್ಮೆ ಹೇಳಿಕೊಳ್ಳಿ. ಕ, ಖ, ಗ ಹುಟ್ಟುವುದು ಗಂಟಲಿನ ಹತ್ತಿರ. ಚ, ಛ, ಜ ಸ್ವಲ್ಪ ಮುಂದೆ, ಅಂಗಳದಲ್ಲಿ. ಟ, ಠ, ಡ ನಾಲಗೆಯನ್ನು ಮೇಲಕ್ಕೆ ಮಡಿಸಿ. ತ, ಥ, ದ ಹಲ್ಲಿನ ಹಿಂದೆ. ಪ, ಫ, ಬ, ಭ, ಮ ತುಟಿಯಲ್ಲಿ. ಗಂಟಲಿನಿಂದ ಹೊರಟು ಹೆಜ್ಜೆ ಹೆಜ್ಜೆಯಾಗಿ ತುಟಿಯವರೆಗೆ ಬರುವ ದಾರಿಯದು. ಕೊಡೆ ಹಿಡಿದು ಮೇಷ್ಟ್ರು ಬಾಯಿಪಾಠ ಮಾಡಿಸಿದಾಗ ನಮಗೆ ಇದು ಹೊಳೆದಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಕಂಪ್ಯೂಟರ್ ಗೊಂಬೆಯ ಬಾಯಿ ತಿದ್ದಲು ಹೊರಟಾಗ ಹೊಳೆಯಿತು.

ಇದರಿಂದ ಕೆಲಸ ಎಷ್ಟು ಹಗುರ ನೋಡಿ. 25 ಅಕ್ಷರಗಳಲ್ಲಿ ತುಟಿ ಮುಚ್ಚಬೇಕಾದವು ಕೊನೆಯ ಸಾಲಿನ ಐದು ಮಾತ್ರ. ಕ ವರ್ಗ, ಟ ವರ್ಗ ಬಾಯಿಯೊಳಗೇ ನಡೆಯುವ ವ್ಯವಹಾರ, ಹೊರಗಿನವರಿಗೆ ಕಾಣುವುದೇ ಇಲ್ಲ. ಅಲ್ಲಿ ಪಕ್ಕದ ಸ್ವರದ ಬಾಯಿ ಇದ್ದರೆ ಸಾಕು. ನಾವು ಮಾಡಿಕೊಂಡ ಪಟ್ಟಿ ಹೀಗಿತ್ತು:

ಒಂದು, ಮುಚ್ಚಿದ ತುಟಿ: ಪ, ಬ, ಭ, ಮ.
ಎರಡು, ತೆರೆದ ಬಾಯಿ: ಆ. ಅದರ ಅರ್ಧ ತೆರೆದರೆ ಅ.
ಮೂರು, ಅಗಲಕ್ಕೆ ಎಳೆದ ಬಾಯಿ: ಇ, ಈ, ಎ, ಏ.
ನಾಲ್ಕು, ದುಂಡು ಬಾಯಿ: ಒ, ಓ.
ಐದು, ಮುಂದಕ್ಕೆ ಚಾಚಿದ ಚಿಕ್ಕ ದುಂಡು: ಉ, ಊ.
ಆರು, ಕೆಳತುಟಿ ಮೇಲಿನ ಹಲ್ಲಿಗೆ ತಾಗಿದ್ದು: ವ. ಫೋನು, ಫ್ಯಾನು ಎನ್ನುವಾಗಿನ ಫ ಕೂಡ ಇಲ್ಲೇ.
ಏಳು, ಸ್ವಲ್ಪ ತೆರೆದು ಹಲ್ಲು, ನಾಲಗೆಯ ತುದಿ ಕಾಣುವುದು: ತ, ದ, ನ, ಲ, ಸ, ಚ, ಜ.

ಇದರ ಜೊತೆಗೆ ಸುಮ್ಮನಿರುವಾಗಿನ ಬಾಯಿ ಒಂದು. ಒಟ್ಟು ಎಂಟು. ಬ್ಲೆಂಡರಿನಲ್ಲಿ ಇಂಥ ಪ್ರತಿ ಆಕಾರವನ್ನೂ 'ಶೇಪ್ ಕೀ' ಎಂದು ಒಮ್ಮೆ ಮಾಡಿಟ್ಟುಕೊಂಡರೆ, ಆಮೇಲೆ ಒಂದು ಗುಂಡಿಯನ್ನು ಎಡಕ್ಕೆ ಬಲಕ್ಕೆ ಎಳೆದು ಒಂದು ಬಾಯಿಯಿಂದ ಇನ್ನೊಂದಕ್ಕೆ ಹೋಗಬಹುದು. 1995ರ 'ಟಾಯ್ ಸ್ಟೋರಿ' ಚಿತ್ರದ ವುಡಿ ಎಂಬ ಗೊಂಬೆಯ ಮುಖಕ್ಕೇ 212 ನಿಯಂತ್ರಣಗಳಿದ್ದವಂತೆ, ಅದರಲ್ಲಿ ಬಾಯಿಗೆ 58. ನಮಗೆ ಎಂಟರಲ್ಲೇ ತೃಪ್ತಿ.

ಸೊನ್ನೆ ಮತ್ತು ಒತ್ತು

ಇಷ್ಟಾದ ಮೇಲೆ ಕನ್ನಡದ್ದೇ ಆದ ಮೂರು ಸೂಕ್ಷ್ಮಗಳು ಎದುರಾದವು. ಇವನ್ನು ಯಾವ ಇಂಗ್ಲಿಷ್ ಪಟ್ಟಿಯೂ ಹೇಳಿಕೊಡುವುದಿಲ್ಲ.

ಮೊದಲನೆಯದು ಸೊನ್ನೆ. 'ಕಂಬಳಿ', 'ಅಂಗಡಿ' ಎರಡರಲ್ಲೂ ಸೊನ್ನೆ ಇದೆ. ಕನ್ನಡಿ ಮುಂದೆ ಹೇಳಿ ನೋಡಿ. ಕಂಬಳಿಯ ಸೊನ್ನೆಗೆ ತುಟಿ ಮುಚ್ಚುತ್ತದೆ, ಅಂಗಡಿಯ ಸೊನ್ನೆಗೆ ಮುಚ್ಚುವುದಿಲ್ಲ. ಸೊನ್ನೆಯ ಮುಂದೆ ಪ, ಬ, ಮ ಇದ್ದರೆ ಮಾತ್ರ ತುಟಿ ಮುಚ್ಚಬೇಕು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಸೊನ್ನೆಗಳನ್ನು ಎಣಿಸಿದವನು ನಾನು. ಸೊನ್ನೆಯ ಬೆಲೆ ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ನಿಂತಿದೆ ಎಂಬ ಪಾಠ ಇಲ್ಲೂ ಸರಿಹೋಯಿತು.

ಎರಡನೆಯದು ಒತ್ತು. ಅಮ್ಮ, ಅಪ್ಪ, ಹಬ್ಬ, ಹಪ್ಪಳ ಎನ್ನುವಾಗ ತುಟಿಗಳು ಮುಚ್ಚಿ ಒಂದು ಗಳಿಗೆ ಹಾಗೆಯೇ ನಿಲ್ಲುತ್ತವೆ. 'ಆಮೆ' ಎನ್ನುವಾಗ ಮುಟ್ಟಿ ಬಿಡುತ್ತವೆ. ಇಂಗ್ಲಿಷಿನ 'ಹ್ಯಾಪಿ' ಪದವನ್ನು ಬರೆಯುವಾಗ ಎರಡು ಪಿ ಇದ್ದರೂ ಹೇಳುವಾಗ ಒಂದೇ. ನಮಗೆ ಒತ್ತು ಎಂದರೆ ನಿಜವಾದ ಒತ್ತು. ಅದನ್ನು ಮರೆತು ಮುಟ್ಟಿ ಬಿಡಿಸಿದರೆ ಸಿನಿಮಾದ ಅಜ್ಜಿ 'ಹಪಳ' ಎಂದಂತೆ ಕಾಣುತ್ತದೆ. ನಮ್ಮ ಮೊದಲ ಸಿನಿಮಾದಲ್ಲಿ ಆದದ್ದು ಅದೇ.

ಮೂರನೆಯದು, ಬರೆದದ್ದಕ್ಕೂ ಆಡಿದ್ದಕ್ಕೂ ಇರುವ ಅಂತರ. ಪುಸ್ತಕದಲ್ಲಿ 'ಬಂದುಬಿಟ್ಟನು'. ಬಾಯಲ್ಲಿ 'ಬಂದ್ಬಿಟ್ಟ'. ಪುಸ್ತಕ ನೋಡಿ ಬಾಯಿ ಮಾಡಿದರೆ ಧ್ವನಿ ಮುಗಿದ ಮೇಲೂ ಗೊಂಬೆ ಬಾಯಾಡಿಸುತ್ತಲೇ ಇರುತ್ತದೆ. ಕಿವಿಗೆ ಬಿದ್ದದ್ದನ್ನೇ ಬರೆದುಕೊಳ್ಳಬೇಕು. ಅಕ್ಷರಕ್ಕೊಂದು ಬಾಯಿ ಎಂದು ಹೊರಟರೂ ತಪ್ಪೇ. ಕನ್ನಡಿಯ ಮುಂದೆ ಸದ್ದಿಲ್ಲದೆ 'ಕಿ' ಎನ್ನಿ, ಆಮೇಲೆ 'ಕೂ' ಎನ್ನಿ. 'ಕೂ' ಎನ್ನುವಾಗ ಕ್ ಹುಟ್ಟುವ ಮೊದಲೇ ತುಟಿ ದುಂಡಾಗಿ ಕಾದಿರುತ್ತದೆ. ಬಾಯಿ ಯಾವಾಗಲೂ ಮುಂದಿನ ಸ್ವರಕ್ಕೆ ಸಿದ್ಧವಾಗುತ್ತಿರುತ್ತದೆ.

72 ಫ್ರೇಮುಗಳ ಖಾತೆ

ಸಿನಿಮಾ ಎಂದರೆ ಸೆಕೆಂಡಿಗೆ 24 ಸ್ಥಿರ ಚಿತ್ರಗಳು. ಒಂದೊಂದಕ್ಕೂ ಫ್ರೇಮು ಎನ್ನುತ್ತಾರೆ. "ಕಾಗೆಪ್ಪಾ, ಹಪ್ಪಳ ಮುಟ್ಟಬೇಡಪ್ಪಾ" ಎನ್ನಲು ಮೊಮ್ಮಗಳು ತೆಗೆದುಕೊಂಡದ್ದು ಮೂರು ಸೆಕೆಂಡು, ಅಂದರೆ 72 ಫ್ರೇಮು. ಹಳೆಯ ಕಾರ್ಟೂನ್ ಸಂಸ್ಥೆಗಳಲ್ಲಿ ಪ್ರತಿ ಫ್ರೇಮಿಗೂ ಒಂದು ಸಾಲಿನಂತೆ ಉದ್ದನೆಯ ಹಾಳೆಯಲ್ಲಿ ಬರೆದಿಡುತ್ತಿದ್ದರು. ಅದರ ಹೆಸರು 'ಎಕ್ಸ್‌ಪೋಶರ್ ಶೀಟ್'. ಅದನ್ನು ನೋಡಿದ್ದೇ ನನಗೆ ನಮ್ಮ ಕ್ಯಾಷ್ ಬುಕ್ಕು ನೆನಪಾಯಿತು. ಇಂಥ ಕೆಲಸಕ್ಕೆ ನನಗಿಂತ ಯೋಗ್ಯರು ಬೇಕೇ? ಉದ್ದ ನೋಟುಬುಕ್ಕಿಗೆ ಗೀಟು ಎಳೆದೆ. ಫ್ರೇಮು, ಸದ್ದು, ಬಾಯಿ, ಕಣ್ಣು ಎಂದು ನಾಲ್ಕು ಅಂಕಣ.

ಮೊಮ್ಮಗಳು ಧ್ವನಿಯನ್ನು ನಿಧಾನಕ್ಕೆ ಓಡಿಸಿ ಹೇಳುತ್ತಾ ಹೋದಳು, ನಾನು ಬರೆದೆ. 1ರಿಂದ 7, 'ಕಾ', ತೆರೆದ ಬಾಯಿ. 8ರಿಂದ 12, 'ಗೆ', ಅಗಲ ಬಾಯಿ. 13ರಿಂದ 17, 'ಪ್ಪ್', ಮುಚ್ಚಿದ ತುಟಿ. ಈ ಒಂದು ಸಾಲಿನಲ್ಲಿ ತುಟಿ ಮುಚ್ಚುವ ಜಾಗಗಳು ಐದು. ಕಾಗೆಪ್ಪಾ, ಹಪ್ಪಳ, ಕೊನೆಯ ಡಪ್ಪಾ ಮೂರೂ ದೀರ್ಘ. 'ಮು' ಮತ್ತು 'ಬೇ' ಚಿಕ್ಕವು. ಎಷ್ಟೇ ಚಿಕ್ಕದಾದರೂ ಮುಚ್ಚಿದ ತುಟಿ ಎರಡು ಫ್ರೇಮಾದರೂ ನಿಲ್ಲಬೇಕು. ಒಂದೇ ಫ್ರೇಮಿದ್ದರೆ ಕಣ್ಣಿಗೆ ನಾಟುವುದಿಲ್ಲ. ಉಳಿದ ಬಾಯಿಗಳಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾದರೆ ಯಾರೂ ಕೇಳುವುದಿಲ್ಲ. ಈ ಐದು ಮಾತ್ರ ಪೈಸೆ ಪೈಸೆ ತಾಳೆಯಾಗಬೇಕು.

ಇನ್ನೊಂದು ಗುಟ್ಟು ಇದೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಾ? ಬಟ್ಟೆ ಕಲ್ಲಿಗೆ ಬೀಳುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಬೆಳಕು ಮುಂದೆ, ಶಬ್ದ ಹಿಂದೆ. ಹಾಗಾಗಿ ಸದ್ದು ಸ್ವಲ್ಪ ತಡವಾದರೆ ನಮ್ಮ ಮಿದುಳು ಸಹಿಸುತ್ತದೆ, ಮುಂಚೆ ಬಂದರೆ ಸಹಿಸುವುದಿಲ್ಲ. ಟಿವಿ ಪ್ರಸಾರಕ್ಕಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಗುರುತಿಸಿದ ಮಿತಿ ಹೀಗಿದೆ: ಧ್ವನಿ 45 ಮಿಲಿಸೆಕೆಂಡು ಮುಂಚೆ ಬಂದರೆ ನೋಡುಗರಿಗೆ ಗೊತ್ತಾಗುತ್ತದೆ, ತಡವಾದರೆ 125 ಮಿಲಿಸೆಕೆಂಡಿನವರೆಗೂ ಗೊತ್ತಾಗುವುದಿಲ್ಲ. ಒಂದು ಫ್ರೇಮು ಎಂದರೆ ಸುಮಾರು 42 ಮಿಲಿಸೆಕೆಂಡು. ಅನುಮಾನವಿದ್ದರೆ ಬಾಯಿಯನ್ನು ಧ್ವನಿಗಿಂತ ಒಂದೆರಡು ಫ್ರೇಮು ಮುಂದಿಡಿ.

ಇಷ್ಟೆಲ್ಲ ತಿದ್ದಿ ಟಿವಿಯಲ್ಲಿ ಹಾಕಿದರೆ ಮತ್ತೆ ಎಡವಟ್ಟು! ಕಂಪ್ಯೂಟರಿನಲ್ಲಿ ಸರಿಯಿದ್ದ ತುಟಿ ಟಿವಿಯಲ್ಲಿ ತಪ್ಪಿತ್ತು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಕಳ್ಳ ಸಿಕ್ಕ. ನನ್ನಾಕೆಗೆ ಕೇಳಲೆಂದು ಟಿವಿಗೆ ಜೋಡಿಸಿದ್ದ ಬ್ಲೂಟೂತ್ ಸ್ಪೀಕರ್! ತಂತಿಯಿಲ್ಲದೆ ಹೋಗುವ ಧ್ವನಿ ಅಲ್ಲಿಗೆ ತಲುಪುವಷ್ಟರಲ್ಲಿ ತಡವಾಗುತ್ತಿತ್ತು. ತಂತಿಯ ಸ್ಪೀಕರ್ ಹಾಕಿದೆವು, ಸರಿಹೋಯಿತು. ಪಾಪ, ಅವಳು ಎಷ್ಟು ದಿನದಿಂದ ವಾರ್ತೆಯನ್ನೂ ಧಾರಾವಾಹಿಯನ್ನೂ ಹೀಗೆ ತಪ್ಪಿದ ತುಟಿಯಲ್ಲೇ ನೋಡುತ್ತಿದ್ದಳೋ! ನಿಮ್ಮ ಮನೆಯಲ್ಲೂ ಇಂಥ ಸ್ಪೀಕರ್ ಇದ್ದರೆ ಒಮ್ಮೆ ಪರೀಕ್ಷಿಸಿ.

ತಮ್ಮನನ್ನು ಹೆದರಿಸಿದ ಅಜ್ಜಿ

ತುಟಿ ಸರಿಯಾಗುತ್ತಿದ್ದಂತೆ ಮೊಮ್ಮಗಳಿಗೆ ಹುಮ್ಮಸ್ಸು ಬಂತು. ಅಜ್ಜಿ ನಿಜವಾದ ಅಜ್ಜಿಯ ಹಾಗೇ ಕಾಣಲಿ ಎಂದು ನನ್ನಾಕೆಯ ಫೋಟೊ ತೆಗೆದು, ಸುಕ್ಕು, ಮಚ್ಚೆ ಎಲ್ಲವನ್ನೂ ಗೊಂಬೆಯ ಮುಖಕ್ಕೆ ಹೊದಿಸಿದಳು. ಐದು ವರ್ಷದ ಅವಳ ತಮ್ಮ ಒಂದು ಸಲ ನೋಡಿದವನೇ ನನ್ನ ಬೆನ್ನ ಹಿಂದೆ ಅಡಗಿ, "ಇದು ಬೇಡ, ಇದು ಸತ್ತ ಅಜ್ಜಿ" ಎಂದುಬಿಟ್ಟ. ಮನೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಮಗು ಸುಳ್ಳು ಹೇಳಿರಲಿಲ್ಲ. ಜಪಾನಿನ ರೋಬೊ ವಿಜ್ಞಾನಿ ಮಸಾಹಿರೊ ಮೋರಿ 1970ರಲ್ಲಿಯೇ ಇದನ್ನು ಬರೆದಿದ್ದರು. ಗೊಂಬೆ ಮನುಷ್ಯನನ್ನು ಹೋಲುತ್ತಾ ಹೋದಂತೆ ನಮಗೆ ಅದು ಇಷ್ಟವಾಗುತ್ತಾ ಹೋಗುತ್ತದೆ. ಆದರೆ ಹೆಚ್ಚುಕಡಿಮೆ ಮನುಷ್ಯನೇ ಎನ್ನುವಷ್ಟು ಹತ್ತಿರ ಬಂದಾಗ ಇಷ್ಟ ಒಮ್ಮೆಲೇ ಕುಸಿದು ಅಸಹ್ಯ, ಭಯ ಹುಟ್ಟುತ್ತದೆ. ಈ ಕುಸಿತವನ್ನು ಅವರು ಕಣಿವೆ ಎಂದು ಕರೆದರು. ಗೊಂಬೆ ಗೊಂಬೆಯಂತಿದ್ದರೆ ಅದರಲ್ಲಿ ಎಷ್ಟು ಜೀವವಿದೆ ಎಂದು ನೋಡುತ್ತೇವೆ. ಮನುಷ್ಯನಂತಿದ್ದರೆ ಏನು ಕೊರತೆ ಎಂದು ಹುಡುಕುತ್ತೇವೆ.

ಈ ಕಣಿವೆಗೆ ದೊಡ್ಡವರೂ ಬಿದ್ದಿದ್ದಾರೆ. 1988ರಲ್ಲಿ ಪಿಕ್ಸಾರ್ ಸಂಸ್ಥೆ ತಯಾರಿಸಿದ 'ಟಿನ್ ಟಾಯ್' ಆಸ್ಕರ್ ಪಡೆದ ಮೊದಲ ಕಂಪ್ಯೂಟರ್ ಅನಿಮೇಶನ್ ಚಿತ್ರ. ಅದರಲ್ಲಿ ತಗಡಿನ ಆಟಿಕೆ ಮುದ್ದಾಗಿದೆ, ಮಗು ಮಾತ್ರ ನೋಡಲು ಹೆದರಿಕೆಯಾಗುವಂತಿದೆ. ಏಳು ವರ್ಷದ ನಂತರ ಅದೇ ಸಂಸ್ಥೆ ಪೂರ್ಣ ಪ್ರಮಾಣದ 'ಟಾಯ್ ಸ್ಟೋರಿ' ಮಾಡಿದಾಗ ಕಥಾನಾಯಕರೆಲ್ಲ ಆಟಿಕೆಗಳೇ. 2004ರ 'ಪೋಲಾರ್ ಎಕ್ಸ್‌ಪ್ರೆಸ್' ಚಿತ್ರದಲ್ಲಿ ನಿಜವಾದ ನಟರ ಚಲನೆಯನ್ನೇ ಹಿಡಿದು ಪಾತ್ರಗಳಿಗೆ ಕೊಟ್ಟಿದ್ದರೂ, ಕಣ್ಣುಗಳಲ್ಲಿ ಜೀವವಿಲ್ಲ ಎಂದು ಹಲವು ವಿಮರ್ಶಕರು ಬರೆದರು. ಇನ್ನೊಂದೆಡೆ, 1986ರ 'ಲಕ್ಸೊ ಜೂನಿಯರ್' ನೋಡಿ. ಅಲ್ಲಿರುವುದು ಎರಡು ಮೇಜಿನ ದೀಪಗಳು. ಕಣ್ಣಿಲ್ಲ, ಬಾಯಿಲ್ಲ. ಆದರೂ ಒಂದು ತಂದೆಯಂತೆ, ಇನ್ನೊಂದು ಮಗುವಿನಂತೆ ಕಾಣುತ್ತದೆ.

ಮೊಮ್ಮಗಳು ಫೋಟೊ ಕಿತ್ತುಹಾಕಿದಳು. ಹಣೆಯ ಮೇಲೆ ಮೂರು ಗೆರೆ, ಕೆನ್ನೆಯಲ್ಲಿ ಒಂದೊಂದು ಮಡಿಕೆ, ಮೂಗುಬೊಟ್ಟು ಇಷ್ಟನ್ನೇ ಉಳಿಸಿಕೊಂಡಳು. ತಮ್ಮ ಬೆನ್ನ ಹಿಂದಿನಿಂದ ಈಚೆ ಬಂದ.

ಕಣ್ಣು, ಹುಬ್ಬು, ಕೆನ್ನೆ

ಮುಖ ಸರಳವಾದ ಮೇಲೆ ಅದಕ್ಕೆ ಜೀವ ತುಂಬುವ ಸಣ್ಣಪುಟ್ಟ ಕೆಲಸಗಳು. ಇವಕ್ಕೆ ಹಣ ಬೇಡ, ಗಮನ ಬೇಕು.

ಎವೆ ಬಡಿಯಬೇಕು. ಮನುಷ್ಯ ನಿಮಿಷಕ್ಕೆ ಸುಮಾರು 15ರಿಂದ 20 ಸಲ ಎವೆ ಬಡಿಯುತ್ತಾನೆ, ಗಡಿಯಾರದಂತೆ ಸಮನಾಗಿ ಅಲ್ಲ. ತಲೆ ತಿರುಗಿಸುವಾಗ, ಮಾತು ಮುಗಿದಾಗ ಒಂದೊಂದು ಸಲ ಕೊಟ್ಟರೆ ಸಹಜ. ತಲೆಗಿಂತ ಮೊದಲು ಕಣ್ಣು ತಿರುಗಬೇಕು. ಅಜ್ಜಿ ಮೊದಲು ಕಾಗೆಯತ್ತ ಕಣ್ಣು ಹಾಯಿಸಿ, ಆಮೇಲೆ ಕತ್ತು ಹೊರಳಿಸಿದರೆ ಅವಳು ಯೋಚಿಸುತ್ತಿದ್ದಾಳೆ ಎನಿಸುತ್ತದೆ. ಕಣ್ಣಗುಡ್ಡೆಯಲ್ಲಿ ಬೆಳಕಿನ ಒಂದು ಚುಕ್ಕೆ ಇರಲೇಬೇಕು.

ನಗು ಬಾಯಲ್ಲಿ ಮಾತ್ರ ಇದ್ದರೆ ಅದು ಫೋಟೊ ಸ್ಟುಡಿಯೊ ನಗು. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಪುಸ್ತಕ ಬರೆದು ತೋರಿಸಿದ್ದರು, ಮನಸಾರೆ ನಕ್ಕಾಗ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯುತ್ತದೆ ಎಂದು. ಕೆನ್ನೆ ಮೇಲೇರಿ, ಕಣ್ಣು ಕಿರಿದಾಗಿ, ಅಂಚಿನಲ್ಲಿ ಗೆರೆ ಮೂಡಬೇಕು. ಮಾತಾಡುವಾಗ ಅಲುಗುವುದು ಕೆಳಗಿನ ದವಡೆ ಮಾತ್ರ. ಮೇಲಿನ ಹಲ್ಲು ತಲೆಬುರುಡೆಗೆ ಅಂಟಿಕೊಂಡದ್ದು, ಅದು ಅಲ್ಲಾಡಕೂಡದು. ನಾವು ಮೊದಲು ಎರಡನ್ನೂ ಅಲ್ಲಾಡಿಸಿ ಸುತ್ತಿಗೆಯಂಥ ಬಾಯಿ ಮಾಡಿದ್ದೆವು.

ಚರ್ಮದ ವಿಷಯ. ರಾತ್ರಿ ದೀಪ ಆರಿಸಿ ಮೊಬೈಲಿನ ಟಾರ್ಚನ್ನು ಬೆರಳಿನ ಹಿಂದೆ ಹಿಡಿಯಿರಿ. ಬೆರಳು ಕೆಂಪಗೆ ಹೊಳೆಯುತ್ತದೆ. ಬೆಳಕು ಚರ್ಮದೊಳಗೆ ನುಗ್ಗಿ ಚದುರಿ ಹೊರಬರುತ್ತದೆ. ಇದನ್ನು ಮರೆತರೆ ಕಂಪ್ಯೂಟರಿನ ಮುಖ ಗಾರೆಯ ಗೋಡೆಯಂತಾಗುತ್ತದೆ. ಬ್ಲೆಂಡರಿನಲ್ಲಿ ಇದಕ್ಕೆ 'ಸಬ್‌ಸರ್ಫೇಸ್' ಎಂಬ ಒಂದು ಗುಂಡಿಯಿದೆ. ಸ್ವಲ್ಪ ತಿರುಗಿಸಿದರೆ ಸಾಕು, ಕಿವಿಯ ಅಂಚಿಗೆ ರಕ್ತ ಬಂದಂತಾಗುತ್ತದೆ.

ನೀವೂ ಮಾಡುವುದಾದರೆ

ಮೊದಲು ಧ್ವನಿ ದಾಖಲಿಸಿ, ಆಮೇಲೆ ಬಾಯಿ ಮಾಡಿ. ಮಾತಾಡುವವರ ಮುಖವನ್ನೂ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ, ತಿದ್ದುವಾಗ ಅದೇ ಮೇಷ್ಟ್ರು. ಮೇಜಿನ ಮೇಲೆ ಒಂದು ಕನ್ನಡಿ ಇರಲಿ. ವಾಕ್ಯದಲ್ಲಿ ಪ, ಬ, ಮ ಎಲ್ಲಿವೆ ಎಂದು ಕೆಂಪು ಶಾಯಿಯಲ್ಲಿ ಗುರುತಿಸಿ, ಒತ್ತಿದ್ದರೆ ಎರಡು ಗೀಟು ಹಾಕಿ. ಮೊದಲು ಅವನ್ನು ಕೂರಿಸಿ, ಆಮೇಲೆ ಆ, ಓ, ಊ. ಉಳಿದವು ಕೊನೆಗೆ. ಧ್ವನಿ ಆರಿಸಿ ಒಮ್ಮೆ ನೋಡಿ, ಕಣ್ಣು ಮುಚ್ಚಿ ಒಮ್ಮೆ ಕೇಳಿ, ಆಮೇಲೆ ಎರಡನ್ನೂ ಸೇರಿಸಿ. ಕಂಪ್ಯೂಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ರಟ್ಟಿನಲ್ಲಿ ಎಂಟು ಬಾಯಿ ಕತ್ತರಿಸಿ, ಗೊಂಬೆಯ ಮುಖದ ಮೇಲೆ ಒಂದೊಂದಾಗಿ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾ ಹೋದರೂ ಸಿನಿಮಾವೇ.

ಒಂದು ಮಾತು ನೆನಪಿರಲಿ. ತುಟಿ ಎಷ್ಟೇ ಸರಿಯಿದ್ದರೂ ಅದೊಂದರಿಂದಲೇ ಎಲ್ಲವೂ ತಿಳಿಯುವುದಿಲ್ಲ. 'ಪಾವು', 'ಬಾವು', 'ಮಾವು' ಮೂರಕ್ಕೂ ತುಟಿ ಒಂದೇ. ಕಿವಿ ಅರ್ಧ ಹೇಳಬೇಕು, ಕಣ್ಣು ಉಳಿದರ್ಧ ತುಂಬಬೇಕು.

ಎರಡನೆಯ ಪ್ರದರ್ಶನ

ಶಾಲೆ ಶುರುವಾಗಲು ಮೂರು ದಿನ ಇರುವಾಗ ಎರಡನೆಯ ಪ್ರದರ್ಶನ ನಡೆಯಿತು. ಈ ಸಲ ಮೊಮ್ಮಗಳು ಟಿವಿ ನೋಡಲೇ ಇಲ್ಲ, ಅಜ್ಜಿಯ ಮುಖವನ್ನೇ ನೋಡುತ್ತಾ ಕೂತಿದ್ದಳು. ನಾನೂ ಅಷ್ಟೇ. ತಾರಸಿ ಬಂತು, ಸೀರೆ ಬಂತು, ಕಾಗೆ ಬಂತು. ಸಿನಿಮಾದ ಅಜ್ಜಿ ಕಣ್ಣು ಹೊರಳಿಸಿ, ಕೋಲೆತ್ತಿ, ತನ್ನ 72 ಫ್ರೇಮಿನ ಮಾತು ಆಡಿದಳು.

ನನ್ನಾಕೆಯ ತುಟಿಯೂ ಅದರ ಜೊತೆಗೇ ಅಲುಗಿದ್ದು ನಮಗಿಬ್ಬರಿಗೂ ಕಂಡಿತು. ಕಾಗೆ ಹಪ್ಪಳ ಕಚ್ಚಿಕೊಂಡು ಹಾರಿತು. ಅವಳು ಯಾರ ಮುಖವನ್ನೂ ನೋಡದೆ ನಕ್ಕಳು.

"ಮುಟ್ಟಬೇಡಪ್ಪಾ ಅಂತ ಅಷ್ಟು ಮರ್ಯಾದೆಯಿಂದ ಹೇಳಿದರೆ ಕಾಗೆ ಕೇಳುತ್ತೇನೇ?" ಎಂದು ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು. "ಇನ್ನೊಂದು ಸಲ ಹಾಕು ನೋಡೋಣ."

ಇನ್ನೊಂದು ಸಲ ಹಾಕಿದೆವು.